ಹಿಂಬಾಗಿಲ ಬಳಿ ನಿಂತವರು

ಗಾಯನ ಕಾರ್ಯಕ್ರಮ ಮುಗಿದು ಮುಕ್ಕಾಲು ಗಂಟೆ ಕಳೆದಿತ್ತು. ನಗರದ ಹೊರವಲಯದ ಆ ಮೈದಾನದ ಹಿಂದಿನ ಗೇಟಿನ ಬಳಿ ಇನ್ನೂ ನೂರೈವತ್ತು ಮಂದಿಯಾದರೂ ನಿಂತಿದ್ದರು. ಕಾಲೇಜು ಹುಡುಗಿಯರು, ನಿದ್ದೆಗಣ್ಣಿನ ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡ ತಂದೆ, ನನ್ನನ್ನು ಒತ್ತಾಯಿಸಿ ಕರೆತಂದಿದ್ದ ತಂಗಿಯ ಮಗಳು. ನನ್ನ ಪಕ್ಕದಲ್ಲಿದ್ದವರು ತುಮಕೂರಿನಿಂದ ಬಂದಿದ್ದ, ಅರುವತ್ತು ದಾಟಿದ ಒಬ್ಬರು. ಅವರ ಅಂಗಿಯ ಜೇಬಿನಲ್ಲಿ ಆ ಗಾಯಕರ ಹಳೆಯ ಕ್ಯಾಸೆಟ್ಟಿನ ಹೊದಿಕೆಯ ಕಾಗದ ಮಡಿಚಿಟ್ಟಿತ್ತು. ಅದರ ಮೇಲೊಂದು ಹಸ್ತಾಕ್ಷರ ಸಿಗಲಿ ಎಂಬುದಷ್ಟೇ ಅವರ ಆಸೆ. ಗಾಯಕರು ಹೊರಬರುತ್ತಾರೆಯೇ ಎಂದು ಕೇಳಿದವರಿಗೆಲ್ಲ ಕಾವಲಿನ ಯುವಕರಿಂದ ಸಿಕ್ಕ ಉತ್ತರ ಒಂದೇ: ‘ಹಿಂದೆ ಹೋಗಿ.’

ಕೊನೆಗೆ ಒಳಗಿನ ದೀಪಗಳು ಒಂದೊಂದಾಗಿ ಆರಿದಾಗಲೇ ನಮಗೆ ವಿಷಯ ತಿಳಿದದ್ದು. ಗಾಯಕರ ಕಾರು ಇನ್ನೊಂದು ಗೇಟಿನಿಂದ ಹೊರಟು ಅರ್ಧ ಗಂಟೆಯ ಮೇಲಾಗಿತ್ತು. ಹಿರಿಯರು ಬೇಸರವನ್ನೇನೂ ತೋರಿಸಿಕೊಳ್ಳಲಿಲ್ಲ. ಕಾಗದವನ್ನು ಜೋಪಾನವಾಗಿ ಜೇಬಿಗೆ ಮರಳಿಸಿ, ‘ಮೆಜೆಸ್ಟಿಕ್ಕಿಗೆ ಈಗ ಬಸ್ಸು ಸಿಗುತ್ತಾ ಸಾರ್?’ ಎಂದು ಕೇಳಿದರು.

ಇಲ್ಲಿ ತಪ್ಪು ಯಾರದು? ಭೇಟಿಯಾಗುವೆನೆಂದು ಗಾಯಕರು ಯಾರಿಗೂ ಮಾತು ಕೊಟ್ಟಿರಲಿಲ್ಲ. ಟಿಕೆಟಿನ ಹಣ ಹಾಡಿಗೆ ಸಂದದ್ದೇ ಹೊರತು ಹಸ್ತಾಕ್ಷರಕ್ಕಲ್ಲ. ಕಾವಲಿನವರು ತಮಗೆ ಒಪ್ಪಿಸಿದ ಕೆಲಸ ಮಾಡಿದರು. ಆದರೂ ಅಲ್ಲಿ ಆಗಬಾರದ್ದೊಂದು ಆಯಿತು. ‘ಅವರು ಹೊರಟುಹೋದರು, ನೀವೂ ಮನೆಗೆ ಹೋಗಿ’ ಎಂಬ ಒಂದು ವಾಕ್ಯವನ್ನು ಆ ಜನರಿಗೆ ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಹೇಳದೆ ಉಳಿದ ಆ ವಾಕ್ಯವೇ ಈ ಲೇಖನದ ವಸ್ತು.

ಹೊರಗೆ ನಿಂತ ಕೇಳುಗನನ್ನು ಕ್ಷುಲ್ಲಕವೆಂದು ತಳ್ಳಿಹಾಕುವ ಹಕ್ಕು ಕನ್ನಡ ನಾಡಿಗಂತೂ ಇಲ್ಲ. ಗದುಗಿನಲ್ಲಿ ಬೆಳೆದ ಬಾಲಕ ಭೀಮಸೇನ ಜೋಶಿ ಬೀದಿಯಲ್ಲಿ ಸಾಗುವ ಭಜನೆಯವರ, ವಾದ್ಯದವರ ಹಿಂದೆ ಹೋಗಿ, ದಣಿದು ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದನಂತೆ. ಹುಡುಕಿ ಸಾಕಾದ ತಂದೆ ಕಡೆಗೆ ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರೆಂಬ ಕಥೆ ಪ್ರಸಿದ್ಧವಾದದ್ದು. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಆ ಹುಡುಗ ಕೇಳಿದ್ದು ಅಂಗಡಿಯೊಂದರಲ್ಲಿ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟ ಅವನು ಊರೂರು ಸುತ್ತಿ ಕುಂದಗೋಳದ ಸವಾಯಿ ಗಂಧರ್ವರಲ್ಲಿಗೆ ಬಂದ. 2008ರಲ್ಲಿ ಭಾರತರತ್ನ ಸಂದದ್ದು ಅದೇ ಹುಡುಗನಿಗೆ. ಬಾಗಿಲ ಹೊರಗೆ ನಿಂತವರೆಲ್ಲ ಭೀಮಸೇನರಾಗುವುದಿಲ್ಲ, ನಿಜ. ಆದರೆ ಸಂಗೀತವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಹಂಬಲ ಅವರೆಲ್ಲರಲ್ಲೂ ಒಂದೇ.

ಬೆಂಗಳೂರಿನ ಸಂಗೀತ ಸಭೆಗಳಲ್ಲಿ ಈ ಹಂಬಲಕ್ಕೆ ಸಹಜವಾದ ಒಂದು ದಾರಿಯಿತ್ತು. ಮಂಗಳ ಹಾಡಿದ ಮೇಲೆ ಕೇಳುಗರು ವೇದಿಕೆಯತ್ತ ನಡೆದು, ವಿದ್ವಾಂಸರಿಗೆ ನಮಸ್ಕರಿಸಿ, ‘ಇವತ್ತಿನ ತೋಡಿ ಬಹಳ ಚೆನ್ನಾಗಿತ್ತು’ ಎಂದು ಹೇಳಿ ಮನೆಗೆ ಹೋಗುತ್ತಿದ್ದರು. 1939ರಲ್ಲಿ ಆರಂಭವಾದ ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವದಲ್ಲಾಗಲಿ, 1980ರಲ್ಲಿ ಪಿಟೀಲಿನ ಆಕಾರದಲ್ಲಿ ತಲೆಯೆತ್ತಿದ ಚೌಡಯ್ಯ ಸ್ಮಾರಕ ಭವನದಲ್ಲಾಗಲಿ ಈ ರೂಢಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸಣ್ಣ ಸಭೆಗಳಲ್ಲಿ ಇಂದಿಗೂ ಅದು ಉಳಿದಿದೆ. ಕೇಳುಗರು ಕೆಲವು ನೂರು ಇದ್ದಾಗ ಐದು ಹೆಜ್ಜೆ ನಡೆದರೆ ಕಲಾವಿದರು ಸಿಗುತ್ತಾರೆ. ಇಪ್ಪತ್ತು ಸಾವಿರ ಮಂದಿ ಸೇರುವ ಮೈದಾನದಲ್ಲಿ ಆ ಐದು ಹೆಜ್ಜೆಯ ನಡುವೆ ಬೇಲಿ, ಕಾವಲು, ಕಪ್ಪು ಗಾಜಿನ ಕಾರು ಬರುವುದು ಅನಿವಾರ್ಯ.

ಕಲಾವಿದರ ಭಯವೂ ಸುಳ್ಳಲ್ಲ. 1965ರಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಐವತ್ತೈದು ಸಾವಿರ ಜನರ ಚೀತ್ಕಾರದ ನಡುವೆ ಹಾಡಿದ ಬೀಟಲ್ಸ್ ತಂಡ, ತನ್ನ ಹಾಡು ತನಗೇ ಕೇಳಿಸದಂಥ ಸ್ಥಿತಿಗೆ ಬೇಸತ್ತು ಮರುವರ್ಷವೇ ಪ್ರವಾಸಗಳನ್ನು ಕೈಬಿಟ್ಟಿತು. ಅದೇ ತಂಡದ ಜಾನ್ ಲೆನನ್ 1980ರ ಡಿಸೆಂಬರ್ 8ರ ಸಂಜೆ ತಮ್ಮ ಮನೆಯ ಹೊರಗೆ ಕಾದಿದ್ದವನೊಬ್ಬನಿಗೆ ಧ್ವನಿಮುದ್ರಿಕೆಯ ಮೇಲೆ ಸಹಿ ಹಾಕಿಕೊಟ್ಟರು. ಅಂದು ರಾತ್ರಿ ಅವರನ್ನು ಗುಂಡಿಟ್ಟು ಕೊಂದವನು ಅವನೇ. 2016ರ ಜೂನ್ 10ರಂದು ಅಮೆರಿಕದ ಆರ್ಲಾಂಡೊ ನಗರದಲ್ಲಿ, ಕಾರ್ಯಕ್ರಮ ಮುಗಿಸಿ ಅಭಿಮಾನಿಗಳಿಗೆ ಹಸ್ತಾಕ್ಷರ ನೀಡುತ್ತಿದ್ದ ಇಪ್ಪತ್ತೆರಡರ ಗಾಯಕಿ ಕ್ರಿಸ್ಟಿನಾ ಗ್ರಿಮ್ಮಿ ಕೂಡ ಹಾಗೆಯೇ ಬಲಿಯಾದರು. ಇವನ್ನೆಲ್ಲ ಬಲ್ಲ ಕಲಾವಿದರು ಹಿಂಬಾಗಿಲಿನಿಂದ ಮೌನವಾಗಿ ಹೊರಟರೆ ಅದನ್ನು ಅಹಂಕಾರವೆನ್ನಲಾಗದು. ಎರಡೂವರೆ ಗಂಟೆ ಹಾಡಿದ ಗಂಟಲಿಗೆ ವಿಶ್ರಾಂತಿ ಬೇಕೆಂಬುದೂ ಅಷ್ಟೇ ಸರಳವಾದ ಸತ್ಯ.

ಈ ಇಕ್ಕಟ್ಟಿಗೆ ಮಾರುಕಟ್ಟೆ ತನ್ನದೇ ಪರಿಹಾರ ಕಂಡುಕೊಂಡಿದೆ. ಹೆಚ್ಚಿನ ದರದ ಟಿಕೆಟ್ ಕೊಂಡರೆ ಕಲಾವಿದರ ಜೊತೆ ಒಂದು ಕೈಕುಲುಕು, ಒಂದು ಭಾವಚಿತ್ರ. ಧ್ವನಿಮುದ್ರಿಕೆಗಳ ಮಾರಾಟ ಕುಸಿದು, ವೇದಿಕೆಯೇ ಆದಾಯದ ಮುಖ್ಯ ಮೂಲವಾಗಿರುವ ಕಾಲದಲ್ಲಿ ಇದನ್ನು ಪಾಪವೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ಕಲಾವಿದರ ಸಮಯಕ್ಕೂ ಬೆಲೆಯಿದೆ. ಆಕ್ಷೇಪವಿರುವುದು ಬೇರೆಡೆ. ಹಣ ತೆತ್ತವರಿಗೆ ಸಮಯ, ಸ್ಥಳ, ಸರತಿ ಎಲ್ಲವೂ ನಿಗದಿಯಾಗಿರುವಾಗ ಉಳಿದವರಿಗೆ ಮಾಹಿತಿಯೂ ಇಲ್ಲದಂತಾಗುವುದು ಸರಿಯಲ್ಲ. ಭೇಟಿಯನ್ನು ಮಾರಬಹುದು, ಮರ್ಯಾದೆಯನ್ನು ಮಾರುವಂತಿಲ್ಲ.

ಮರ್ಯಾದೆಯ ಮಾತು ಹಾಗಿರಲಿ, ಮಾಹಿತಿಯ ಅಭಾವ ಜೀವವನ್ನೂ ತೆಗೆಯುತ್ತದೆ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ‘ದ ಹೂ’ ತಂಡದ ಕಾರ್ಯಕ್ರಮಕ್ಕಾಗಿ ಸಾವಿರಾರು ಮಂದಿ ಚಳಿಯಲ್ಲಿ ಹೊರಗೆ ಕಾದಿದ್ದರು. ಆಸನಗಳಿಗೆ ಸಂಖ್ಯೆಯಿರಲಿಲ್ಲ; ಮೊದಲು ಒಳಹೊಕ್ಕವರಿಗೆ ಮುಂದಿನ ಜಾಗ. ಒಳಗಿನಿಂದ ಸದ್ದು ಕೇಳಿಸಿದಾಗ ಕಾರ್ಯಕ್ರಮ ಶುರುವಾಯಿತೆಂದು ಭಾವಿಸಿದ ಜನ ತೆರೆದಿದ್ದ ಕೆಲವೇ ಬಾಗಿಲುಗಳತ್ತ ನುಗ್ಗಿದರು. ಹನ್ನೊಂದು ಮಂದಿ ಸತ್ತರು. 2023ರ ನವೆಂಬರ್ 25ರಂದು ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುನ್ನ ನೂಕುನುಗ್ಗಲಾಗಿ ನಾಲ್ವರು ಅಸುನೀಗಿದರು. 2025ರ ಜೂನ್ 4ರಂದು ನಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಪ್ರಾಣ ಕಳೆದುಕೊಂಡವರೂ ಹನ್ನೊಂದು ಮಂದಿ. ಅವರು ಬಂದದ್ದು ಹಾಡು ಕೇಳಲಿಕ್ಕಲ್ಲ, ಗೆದ್ದ ಕ್ರಿಕೆಟ್ ತಂಡವನ್ನು ಕಣ್ಣಾರೆ ಕಾಣಲಿಕ್ಕೆ. ಆದರೆ ಹಂಬಲವೂ ಅದೇ, ಗೊಂದಲವೂ ಅದೇ. ವಿಜಯಯಾತ್ರೆ ಇದೆಯೇ ಇಲ್ಲವೇ, ಪ್ರವೇಶಕ್ಕೆ ಪಾಸು ಬೇಕೇ ಬೇಡವೇ ಎಂಬುದು ಅಂದು ಬಹುಮಂದಿಗೆ ಸ್ಪಷ್ಟವಿರಲಿಲ್ಲ.

ಜನಸಂದಣಿ ಹುಚ್ಚೇಳುತ್ತದೆ ಎಂಬ ಮಾತನ್ನು ನಾವು ಇಂಥ ಪ್ರತಿ ದುರಂತದ ನಂತರವೂ ಆಡುತ್ತೇವೆ. ಅದು ಅರ್ಧಸತ್ಯವೂ ಅಲ್ಲ. ಹಿಂದೆ ನಿಂತವನಿಗೆ ಮುಂದೆ ಏನಾಗುತ್ತಿದೆ ಎಂಬುದು ಕಾಣಿಸುವುದಿಲ್ಲ. ಬಾಗಿಲು ತೆರೆಯಿತೆಂಬ ಗಾಳಿಮಾತು ಅವನನ್ನು ತಲುಪುತ್ತದೆ. ಮುಂದಿನವನ ಆರ್ತನಾದ ತಲುಪುವುದಿಲ್ಲ. ಸರಿಯಾದ ಸಮಯದಲ್ಲಿ, ಎಲ್ಲರಿಗೂ ಕೇಳುವಂತೆ, ಅಧಿಕಾರವಿರುವವರು ಆಡುವ ಒಂದು ಮಾತಿಗೆ ಹತ್ತು ಲಾಠಿಗಳಿಗಿಂತ ಹೆಚ್ಚಿನ ಶಕ್ತಿಯಿದೆ. ಬೆಂಗಳೂರಿನ ದುರಂತದ ನಂತರ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆಂದೇ ಮಸೂದೆಯೊಂದನ್ನು ವಿಧಾನಮಂಡಲದ ಮುಂದಿಟ್ಟಿತು. ಶಿಕ್ಷೆಯ ಭಯ ಬೇಕಾದದ್ದೇ. ಆದರೆ ಕಾದವರೊಡನೆ ಮಾತನಾಡುವ ಅಭ್ಯಾಸವನ್ನು ಕಾನೂನೊಂದೇ ಕಲಿಸಲಾರದು.

ಆಗಬೇಕಾದದ್ದು ದೊಡ್ಡ ಖರ್ಚಿನ ಸಂಗತಿಯೂ ಅಲ್ಲ. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂಬ 2000ದ ಶಬ್ದಮಾಲಿನ್ಯ ನಿಯಮದಿಂದಾಗಿ ನಮ್ಮ ದೊಡ್ಡ ಕಾರ್ಯಕ್ರಮಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಗಿಯುತ್ತವೆ, ಸಾವಿರಾರು ಜನ ಒಮ್ಮೆಲೇ ಹೊರಬೀಳುತ್ತಾರೆ. ಹತ್ತಕ್ಕೆ ಹತ್ತು ನಿಮಿಷವಿರುವಾಗ, ಕೊನೆಯ ಹಾಡಿಗೆ ಮೊದಲು, ನಿರೂಪಕರು ವೇದಿಕೆಯಿಂದಲೇ ತಿಳಿಸಲಿ: ಕಲಾವಿದರು ಇಂದು ಯಾರನ್ನೂ ಕಾಣುವುದಿಲ್ಲ, ಅಥವಾ ಇಂಥ ಕಡೆ ಹತ್ತು ನಿಮಿಷ ಸಿಗುತ್ತಾರೆ. ಸಿಗುವುದಾದರೆ ಬೆಳಕಿರುವ ಜಾಗ, ಒಂದು ಸಾಲು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಸುರಕ್ಷಿತವಾಗಿ ಹೊರಹೋಗುವ ದಾರಿ ಇರಲಿ. ಸಿಗದಿದ್ದರೆ ಅದನ್ನು ಬಚ್ಚಿಡದಿರಲಿ. 2023ರ ಸೆಪ್ಟೆಂಬರಿನಲ್ಲಿ ಚೆನ್ನೈ ಹೊರವಲಯದ ಕಾರ್ಯಕ್ರಮದಲ್ಲಿ ಟಿಕೆಟ್ ಕೊಂಡವರೇ ಒಳಬರಲಾಗದೆ ಬವಣೆಪಟ್ಟಾಗ ಎ.ಆರ್. ರೆಹಮಾನ್ ಬಹಿರಂಗವಾಗಿ ನೊಂದುಕೊಂಡರು, ಹಣ ಹಿಂದಿರುಗಿಸುವ ಭರವಸೆಯನ್ನೂ ಕೊಟ್ಟರು. ವ್ಯವಸ್ಥೆ ಕುಸಿದದ್ದನ್ನು ಅದು ಸರಿಪಡಿಸಲಿಲ್ಲ. ಆದರೂ ಹೊರಗೆ ನಿಂತವನು ತನ್ನವನೆಂದು ಕಲಾವಿದರು ಒಪ್ಪಿಕೊಂಡಂತಾಯಿತು.

ಅಭಿಮಾನಿಗಳ ಪಾಲಿನ ಕರ್ತವ್ಯವೂ ಇದೆ. ಕಾಯುವುದು ಪ್ರೀತಿಯ ಗುರುತು. ಅದು ಸಾಲದ ಪತ್ರವಲ್ಲ. ಎರಡು ಗಂಟೆ ಕಾದೆ, ಆದ್ದರಿಂದ ನನ್ನ ಮೊಬೈಲಿಗೆ ನಗಲೇಬೇಕು ಎಂದು ಕಲಾವಿದರ ಭುಜಕ್ಕೆ ಕೈಹಾಕುವವರು ಇದನ್ನು ಮರೆಯುತ್ತಾರೆ. ಕಾರಿನ ಬೆನ್ನು ಹತ್ತುವುದು, ತಂಗಿದ ಹೋಟೆಲಿನ ಬಾಗಿಲಿಗೆ ಹೋಗುವುದು ಅಭಿಮಾನವಲ್ಲ, ಉಪದ್ರವ. ಬರುವುದಿಲ್ಲವೆಂದು ಹೇಳಿದ ಮೇಲೆ ಮರಳಿ ಹೋಗುವ ಸೌಜನ್ಯ ನಮ್ಮಲ್ಲಿದ್ದರೆ, ಬರುತ್ತೇನೆಂದು ಹೇಳುವ ಧೈರ್ಯ ಕಲಾವಿದರಲ್ಲೂ ಹುಟ್ಟೀತು.

ತುಮಕೂರಿನ ಆ ಹಿರಿಯರಿಗೆ ಅಂದು ಬಸ್ಸು ಸಿಕ್ಕಿತೋ ಇಲ್ಲವೋ ತಿಳಿಯದು. ಮೈದಾನದಿಂದ ಮುಖ್ಯರಸ್ತೆಗೆ ಒಂದೂವರೆ ಕಿಲೋಮೀಟರಿನಷ್ಟು ದೂರ. ನಾವು ಹೊರಟಾಗ ಅವರು ಆ ಕತ್ತಲಲ್ಲಿ ನಡೆದು ಹೋಗುತ್ತಿದ್ದರು. ನಮ್ಮ ಕಾರಿನಲ್ಲಿ ಕರೆದೊಯ್ದರೂ ‘ಪರವಾಗಿಲ್ಲ, ಇಲ್ಲೇ ಇಳಿಸಿ’ ಎಂದು ಮುಖ್ಯರಸ್ತೆಯಲ್ಲೇ ಇಳಿದುಬಿಟ್ಟರು. ದಾರಿಯುದ್ದಕ್ಕೂ ಮಾತನಾಡಿದ್ದು ಅಂದು ಕೇಳಿದ ಹಾಡುಗಳ ಬಗ್ಗೆ ಮಾತ್ರ. ಸಹಿ ಸಿಗಲಿಲ್ಲವೆಂದು ಅವರು ಒಮ್ಮೆಯೂ ಹೇಳಲಿಲ್ಲ. ಇಂಥ ಕೇಳುಗರಿಗೆ ಹತ್ತು ಗಂಟೆಗೇ ನಿಜ ಹೇಳಿ ಕಳುಹಿಸಬಹುದಿತ್ತು.