ಹೊಟ್ಟೆಯ ಅನಿಲ, ಹೆಗಲ ನೋವು

ಲ್ಯಾಪರೊಸ್ಕೋಪಿಯ ಮೂಲಕ ಪಿತ್ತಕೋಶ ತೆಗೆಸಿಕೊಂಡವರನ್ನು ಮರುದಿನ ಕಾಡುವುದು ಹಲವೊಮ್ಮೆ ಹೊಟ್ಟೆಯ ಗಾಯವಲ್ಲ, ಹೆಗಲ ನೋವು. ಎದ್ದು ಕುಳಿತರೆ ಹೆಚ್ಚುತ್ತದೆ, ಮಲಗಿದರೆ ತಗ್ಗುತ್ತದೆ. ಕತ್ತರಿ ಮುಟ್ಟದ ಜಾಗದಲ್ಲಿ ನೋವೆಂದರೆ ಮನೆಮಂದಿಗೆ ಹೃದಯಾಘಾತದ ಭಯ. ವಿಚಾರಿಸಿದರೆ ವಾರ್ಡಿನಲ್ಲಿ ಸಿಗುವ ಉತ್ತರ ಒಂದೇ ಪದದ್ದು: ‘ಗ್ಯಾಸ್’.

ಉತ್ತರ ಸುಳ್ಳಲ್ಲ. ಆದರೆ ನಮ್ಮ ಮನೆಗಳಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿದೆ. ಓಮದ ಕಷಾಯ, ಜೀರಿಗೆ ನೀರು, ಸೋಡಾ ಸಾಲಾಗಿ ಬರುತ್ತವೆ. ತೇಗಿನಲ್ಲಿ ಹೋಗುವ ಗ್ಯಾಸ್ ಜಠರ, ಕರುಳುಗಳ ಒಳಗಿನದು. ಇದು ಅವುಗಳ ಹೊರಗೆ, ಉದರದ ಪೊಳ್ಳಿನಲ್ಲಿ ಉಳಿದ ಇಂಗಾಲದ ಡೈಆಕ್ಸೈಡ್. ಉಪಕರಣ ಆಡಿಸಲು ಸ್ಥಳ ಬೇಕೆಂದು ಶಸ್ತ್ರವೈದ್ಯರೇ ಅದನ್ನು ಸಾಮಾನ್ಯವಾಗಿ ಪಾದರಸದ 12ರಿಂದ 15 ಮಿಲಿಮೀಟರ್ ಒತ್ತಡದಲ್ಲಿ ತುಂಬಿರುತ್ತಾರೆ. ಅದು ಹೊತ್ತಿ ಉರಿಯದು, ರಕ್ತದಲ್ಲಿ ಬೇಗ ಕರಗಿ ಉಸಿರಿನೊಡನೆ ಹೊರಬೀಳುತ್ತದೆ. ಆಯ್ಕೆಗೆ ಕಾರಣವೂ ಅದೇ. ಕೊನೆಯಲ್ಲಿ ಹೊರಬಿಟ್ಟರೂ ಕೊಂಚ ಉಳಿದು, ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕುತ್ತದೆ. ವಪೆಯ ನರ ಹೊರಡುವುದು ಕತ್ತಿನ ಭಾಗದ ಬೆನ್ನುಹುರಿಯಿಂದ. ಹೆಗಲ ಚರ್ಮದ ನರಗಳ ಮೂಲವೂ ಅಲ್ಲಿಯೇ. ಹಾಗಾಗಿ ವಪೆಯ ನೋವನ್ನು ಮೆದುಳು ಹೆಗಲಿನದೆಂದು ಭಾವಿಸುತ್ತದೆ. ಎರಡು ಮೂರು ದಿನಗಳಲ್ಲಿ ಸಾಮಾನ್ಯವಾಗಿ ಶಮನವಾಗುತ್ತದೆ.

ಮುಂಬೈಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಈ ವಿಧಾನದಿಂದ ಪಿತ್ತಕೋಶ ತೆಗೆದದ್ದು 1990ರಲ್ಲಿ. ಕಡಿಮೆ ಒತ್ತಡ ಬಳಸುವುದು, ಮುಗಿಸುವಾಗ ಅರಿವಳಿಕೆ ತಜ್ಞರು ಶ್ವಾಸಕೋಶ ಹಿಗ್ಗಿಸಿ ಅನಿಲವನ್ನು ಹೊರದೂಡುವುದು, ಹೀಗೆ ನೋವು ತಗ್ಗಿಸುವ ಉಪಾಯಗಳೂ ಇವೆ. ಇಷ್ಟೆಲ್ಲ ತಿಳಿದಿರುವ ಸಂಗತಿಯನ್ನು ರೋಗಿಗೆ ಮೊದಲೇ ಹೇಳಲು ಒಂದು ನಿಮಿಷವೂ ಸಿಗದೆನ್ನುವುದು ಒಪ್ಪುವಂತಹದಲ್ಲ.

ಚಿಕಿತ್ಸೆಯ ಸ್ವರೂಪ, ಪರ್ಯಾಯ, ಗಣನೀಯ ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. (ಆ ವ್ಯಾಜ್ಯದ ಮೂಲವೂ ಒಂದು ಲ್ಯಾಪರೊಸ್ಕೋಪಿಯೇ.) ಹೆಗಲ ನೋವು ಅಪಾಯವಲ್ಲ, ಹೇಳಬೇಕಿಲ್ಲ ಎಂದು ವಾದಿಸಬಹುದು. ಕಾನೂನಿನ ಮಟ್ಟಿಗೆ ಅದು ಸರಿಯಿದ್ದೀತು. ಆದರೆ ನಿಜವಾದ ಅಪಾಯ ‘ಗ್ಯಾಸ್’ ಎಂಬ ಪದದ ಮರೆಯಲ್ಲೇ ಅಡಗುತ್ತದೆ. ದಿನೇ ದಿನೇ ಏರುವ ಹೊಟ್ಟೆನೋವು, ಜ್ವರ, ನಿಲ್ಲದ ವಾಂತಿ, ಬಿಗಿದು ಉಬ್ಬಿದ ಹೊಟ್ಟೆ ಪಿತ್ತರಸ ಸೋರಿಕೆಯ ಅಥವಾ ಕರುಳಿಗಾದ ಗಾಯದ ಲಕ್ಷಣವಾಗಿರಬಹುದು. ಎದೆನೋವು, ಏದುಸಿರು ಕಂಡರಂತೂ ಕಾಯುವಂತಿಲ್ಲ. ಮೊದಲೇ ‘ಗ್ಯಾಸ್’ ಎಂದು ಕೇಳಿಸಿಕೊಂಡ ರೋಗಿ ಮನೆಯಲ್ಲಿ ಇವನ್ನೂ ಸಹಿಸಿಕೊಂಡು ಕೂರುತ್ತಾನೆ.

ಬಿಡುಗಡೆಯ ಚೀಟಿಯಲ್ಲಿ ಯಾವ ನೋವು ತಾನಾಗಿ ಹೋಗುತ್ತದೆ, ಯಾವುದಕ್ಕೆ ಕೂಡಲೇ ಮರಳಬೇಕು ಎಂಬುದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ಕೆಳಗೆ, ರಾತ್ರಿಯೂ ಯಾರಾದರೂ ಎತ್ತಿಕೊಳ್ಳುವ ಒಂದು ದೂರವಾಣಿ ಸಂಖ್ಯೆಯಿರಲಿ.