ಎರವಲು ಹೆಪ್ಪು

ಕಳೆದ ವಾರ ಊರಿನಿಂದ ಹಿಂದಿರುಗಿದಾಗ ನಮ್ಮ ಮನೆಯಲ್ಲಿ ಮಜ್ಜಿಗೆಯ ಹನಿಯೂ ಉಳಿದಿರಲಿಲ್ಲ. ಹಾಲು ಕಾಯಿಸಿಟ್ಟ ಗೃಹಿಣಿ ಸಣ್ಣ ಬಟ್ಟಲೊಂದನ್ನು ಹಿಡಿದು ಪಕ್ಕದ ಮನೆಗೆ ಹೋಗಿ ಹೆಪ್ಪು ತಂದಳು. ಕೊಟ್ಟವರು ಲೆಕ್ಕವಿಡಲಿಲ್ಲ, ತಂದವಳು ಸಂಕೋಚಪಡಲಿಲ್ಲ. ಆ ಹೆಪ್ಪು ಮೂರು ತಿಂಗಳ ಹಿಂದೆ ನಮ್ಮ ಮನೆಯಿಂದಲೇ ಹೋದದ್ದೆಂಬುದು ಆಮೇಲೆ ತಿಳಿಯಿತು!

ಆಗ ನನಗೆ ನೆನಪಾದದ್ದು ದೂರದ ನಾರ್ವೆ ದೇಶ. ಅದರ ಪಶ್ಚಿಮ ಭಾಗದ ವೋಸ್ ಮುಂತಾದ ಕಡೆಗಳಲ್ಲಿ ಕ್ರಿಸ್‌ಮಸ್ಸಿಗೆಂದು ರೈತರು ಮನೆಯಲ್ಲೇ ಬಿಯರ್ ತಯಾರಿಸುವ ಪದ್ಧತಿ ಉಂಟು. ಬಿಯರಿನ ಹೆಸರು ಕೇಳಿದೊಡನೆ ಹಿರಿಯರು ಪುಟ ತಿರುವಬಾರದಾಗಿ ವಿನಂತಿ. ನಾನು ಹೇಳಹೊರಟಿರುವುದು ಪಾನದ ಮಾತಲ್ಲ, ಹುದುಗಿನ ಮಾತು.

ಮೊಳೆಯಿಸಿ ಒಣಗಿಸಿದ ಬಾರ್ಲಿಯ ಸಿಹಿ ಕಷಾಯವನ್ನು ಬಿಯರಾಗಿ ಮಾರ್ಪಡಿಸುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ. ತಾನೂ ಹಲವು ಪಟ್ಟು ಬೆಳೆಯುತ್ತದೆ. ಹೀಗಾಗಿ ಹಾಕಿದ್ದಕ್ಕಿಂತ ಹೆಚ್ಚೇ ಮರಳಿ ಕೈಗೆ ಬರುತ್ತದೆ. ವೋಸ್‌ನವರು ಅದನ್ನು ಕ್ವೈಕ್ ಎನ್ನುತ್ತಾರೆ. ಬೆಂಕಿ ಹೊತ್ತಿಸುವುದೆಂಬ ಅರ್ಥದ ಹಳೆಯ ಮಾತಿಗೂ ಅದಕ್ಕೂ ನಂಟು. ಕೆಲವರು ನೊರೆಯೊಡನೆ ಮೇಲೆ ತೇಲುವುದನ್ನು ತೆಗೆದಿಡುವರು, ಕೆಲವರು ತಳದಲ್ಲಿ ಕುಳಿತ ಗಸಿಯನ್ನು. ಹಿಂದಿನವರಿಗೆ ಶೀತಕಪೆಟ್ಟಿಗೆ ಎಲ್ಲಿತ್ತು? ಮರದ ತುಂಡುಗಳನ್ನು ಕೋದ ಬಳೆಯನ್ನೋ, ರಂಧ್ರ ಕೊರೆದ ದಿಮ್ಮಿಯನ್ನೋ, ನಮ್ಮ ಸಿಂಬಿಯಂತಹ ಹುಲ್ಲಿನ ಸುರುಳಿಯನ್ನೋ ಯೀಸ್ಟಿನಲ್ಲಿ ಅದ್ದಿ ಒಣಗಲು ತೂಗುಹಾಕುತ್ತಿದ್ದರು. ಅದು ತಿಂಗಳುಗಟ್ಟಲೆ ನಿದ್ರಿಸಿ, ಬೆಚ್ಚನೆಯ ಕಷಾಯಕ್ಕೆ ಬಿದ್ದೊಡನೆ ಎಚ್ಚರಗೊಳ್ಳುತ್ತಿತ್ತು. ಬಿಯರಿನ ಸಾಮಾನ್ಯ ಯೀಸ್ಟುಗಳು 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ತಂಪನ್ನು ಬಯಸಿದರೆ, ವೋಸ್‌ನ ಕ್ವೈಕ್ 40 ಡಿಗ್ರಿಯ ಬಿಸುಪಿನಲ್ಲಿ ಎರಡೇ ದಿನಗಳಲ್ಲಿ ಕೆಲಸ ಮುಗಿಸಿಬಿಡುತ್ತದೆ. ಯೀಸ್ಟ್ ಹಾಕುವಾಗ ಗಟ್ಟಿಯಾಗಿ ಕೂಗುವ ಪದ್ಧತಿಯೂ ಕೆಲವೆಡೆ ಇತ್ತು. ನಗಬೇಡಿ, ಉಪ್ಪಿನಕಾಯಿಯ ಜಾಡಿಗೆ ನಾವು ನಡೆಸುವ ಉಪಚಾರವನ್ನು ಅವರು ಕಂಡಿಲ್ಲ.

ಯೀಸ್ಟ್ ಕೆಟ್ಟು ವಾಸನೆ ಬಂದರೆ? ಚೆಲ್ಲಿ, ನೆರೆಯವನ ಬಾಗಿಲಿಗೆ ಹೋಗುವುದು. ಕೊಡುವವನದು ಬರಿಯ ಔದಾರ್ಯವಲ್ಲ. ನಾಳೆ ತನ್ನದು ಕೆಟ್ಟರೆ ಅದೇ ವಂಶ ನೆರೆಮನೆಯಲ್ಲಿ ಬದುಕಿರುತ್ತದೆ. ತಾನೊಬ್ಬನೇ ಬಚ್ಚಿಟ್ಟುಕೊಂಡವನಿಗೆ ಆ ಭದ್ರತೆ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಅಂಗಡಿಯ ಯೀಸ್ಟ್ ಹಳ್ಳಿಹಳ್ಳಿಗೂ ಬಂದಿತು. ಒಂದು ಮನೆ ಕ್ವೈಕನ್ನು ಬಿಟ್ಟಾಗ ಯಾರಿಗೂ ಏನೂ ಅನಿಸಲಿಲ್ಲ. ಕಣಿವೆಯ ಕೊನೆಯ ಮನೆಯೂ ಬಿಟ್ಟಾಗ ಕೇಳಲು ಬಾಗಿಲೇ ಇರಲಿಲ್ಲ. ಹೀಗೆ ಎಷ್ಟೋ ವಂಶಗಳು ಅಳಿದವು. ಉಳಿದ ಕೆಲವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಮನುಷ್ಯನು ಪಳಗಿಸಿದ ಯೀಸ್ಟುಗಳಲ್ಲಿ ಇವು ಪ್ರತ್ಯೇಕವಾದೊಂದು ಗುಂಪೆಂದು 2018ರಲ್ಲಿ ಪ್ರಕಟಿಸಿದರು. ಈಗ ಕ್ವೈಕ್ ಕೂಡ ಪೊಟ್ಟಣದಲ್ಲಿ ದೊರೆಯುತ್ತದೆ. ಆದರೆ ರೈತನ ಮನೆಯದರಲ್ಲಿ ಹಲವು ತಳಿಗಳು ಕೂಡಿ ಬಾಳುತ್ತವೆ. ಪೊಟ್ಟಣದಲ್ಲಿರುವುದು ಸಾಮಾನ್ಯವಾಗಿ ಒಂದೇ. ಅವಿಭಕ್ತ ಕುಟುಂಬದಿಂದ ಒಬ್ಬನನ್ನು ಕರೆತಂದು ಮನೆತನವನ್ನೇ ತಂದೆವೆಂದರೆ ಹೇಗೆ?

ನಮ್ಮ ಬೀದಿಯ ಅಂಗಡಿಯಲ್ಲೂ ಮೊಸರಿನ ಪೊಟ್ಟಣ ಸಿಗುತ್ತದೆ. ಆ ಸಂಜೆ ನಾನು ಚೀಲ ಹಿಡಿದು ಹೊರಟಿದ್ದೆ, ಗೃಹಿಣಿಯೇ ತಡೆದಳು. ಪಕ್ಕದ ಮನೆಯ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂದು, ಅದರಲ್ಲಿ ಏನು ಹಾಕಿ ಕಳುಹಿಸಬೇಕೆಂಬ ಆಲೋಚನೆ ಈಗ ಅಡುಗೆಮನೆಯಲ್ಲಿ ನಡೆದಿದೆ.