ಶಿಖರ ಎಣಿಸುವವರಿಗೆ ನಾಲ್ಕು ಮಾತು

ಉಳ್ಳವರ ಮನೆಗಳಲ್ಲಿ ಈಗ ಒಂದು ಹೊಸ ಖಯಾಲಿ ಹುಟ್ಟಿಕೊಂಡಿದೆ. ಒಂದೊಂದು ರಾಜ್ಯದ ಅತಿ ಎತ್ತರದ ಶಿಖರ ಯಾವುದೋ ಅಲ್ಲಿಗೆ ಕಾರು ಹೊಡೆದುಕೊಂಡು ಹೋಗುವುದು, ಮುಟ್ಟಿ ಬರುವುದು, ಬಂದು ಪಟ್ಟಿಯಲ್ಲಿ ಒಂದು ಗೀಟು ಹಾಕುವುದು. ಕರ್ನಾಟಕಕ್ಕೆ ಮುಳ್ಳಯ್ಯನಗಿರಿ, 1,930 ಮೀಟರು. ತಮಿಳುನಾಡಿಗೆ ದೊಡ್ಡಬೆಟ್ಟ, 2,637. ಕೇರಳಕ್ಕೆ ಆನೆಮುಡಿ, 2,695. ರಾಜಸ್ಥಾನಕ್ಕೆ ಗುರುಶಿಖರ, 1,722. 2014ರಲ್ಲಿ ತೆಲಂಗಾಣ ಬೇರೆಯಾದಾಗ ಈ ಪಟ್ಟಿಗೆ ಇನ್ನೊಂದು ಹೆಸರು ಕೂಡಿತು. ಗುಡ್ಡವೇನೋ ಒಂದಂಗುಲವೂ ಬೆಳೆದಿರಲಿಲ್ಲ!

ಬೆಟ್ಟ ಹತ್ತುವವರ ಮೇಲೆ ನಮಗೆ ಸಿಟ್ಟಿಲ್ಲ. ಮಹಾರಾಷ್ಟ್ರದ ಕಳಸೂಬಾಯಿಗೆ ಕಾಲಿನಿಂದಲೇ ಹತ್ತಬೇಕು, ಕಡಿದಾದ ಕಡೆ ಕಬ್ಬಿಣದ ಏಣಿ ಹಿಡಿಯಬೇಕು. ಹಾಗೆ ಹತ್ತಿದವರಿಗೆ ನಮ್ಮ ನಮಸ್ಕಾರ. ಆದರೆ ದೊಡ್ಡಬೆಟ್ಟಕ್ಕೆ ತುದಿಯವರೆಗೂ ರಸ್ತೆಯಿದೆ. ಅಲ್ಲಿ ಏರಿದ್ದು ಇಂಜಿನ್ನು, ಖರ್ಚಾದದ್ದು ಪೆಟ್ರೋಲು, ಕೀರ್ತಿ ಮಾತ್ರ ಒಳಗೆ ಕೂತವರಿಗೆ. (ಹೆಸರು ಕನ್ನಡದ ಹಾಗೆ ಕೇಳುತ್ತದೆಯಲ್ಲವೆ? ನಮ್ಮ ನುಡಿಯ ಒಡಹುಟ್ಟಾದ ಬಡಗ ನುಡಿಯ ಹೆಸರದು.) ಅದರ ಬುಡದ ಊಟಿಯನ್ನು ಬಿಳಿಯ ದೊರೆಗಳು ಮದರಾಸು ಪ್ರಾಂತದ ಬೇಸಿಗೆಯ ರಾಜಧಾನಿ ಮಾಡಿಕೊಂಡಿದ್ದರು. ಕೆಳಗೆ ರಯತ ಬೇಯುತ್ತಿದ್ದ, ಮೇಲೆ ದೊರೆ ತಣ್ಣಗಿರುತ್ತಿದ್ದ. ದೊರೆ ಹೋದ, ಆ ವ್ಯವಸ್ಥೆ ಹೋಯಿತೆ?

ನಮ್ಮ ಮುಳ್ಳಯ್ಯನಗಿರಿಯನ್ನೇ ನೋಡಿ. ವಾಹನಗಳ ನೂಕುನುಗ್ಗಲು ತಾಳಲಾರದೆ 2025ರ ಸೆಪ್ಟೆಂಬರಿನಿಂದ ಜಿಲ್ಲಾಡಳಿತ ದಿನಕ್ಕೆ 1,200 ವಾಹನಗಳೆಂದು ಮಿತಿ ಹಾಕಿ, ಮುಂಗಡ ನೋಂದಣಿ ಕಡ್ಡಾಯ ಮಾಡಿತು. ಮಿತಿ ಬೇಕು, ನಾವು ವಿರೋಧಿಸುವುದಿಲ್ಲ. ಆದರೆ ಆ ಇಕ್ಕಟ್ಟಿನ ರಸ್ತೆಯನ್ನು ತುಂಬಿದವರು ಯಾರು? ಒಂದು ಸಣ್ಣ ಬಸ್ಸು ನಿಲ್ಲುವ ಜಾಗದಲ್ಲಿ ಎರಡು ಕಾರು ನಿಂತರೆ ಬಂದದ್ದು ಆರೆಂಟು ಜನ. ಬುಡದಿಂದ ಸರಕಾರಿ ಸಣ್ಣ ಬಸ್ಸುಗಳನ್ನೇ ಓಡಿಸಿದರೆ ಬೆಟ್ಟಕ್ಕೂ ಉಸಿರು, ಬಡವನಿಗೂ ದಾರಿ. ಅಂಗಡಿಕಾರ ಬಂಧುಗಳೂ ಇದನ್ನು ಯೋಚಿಸಬೇಕು. ಬಸ್ಸಿನಲ್ಲಿ ಬಂದವನು ನಿಲ್ದಾಣದಲ್ಲಿ ಇಳಿದು ಚಹಾ ಕುಡಿಯುತ್ತಾನೆ, ಒಂದು ಚಿಪ್ಪು ಬಾಳೆಹಣ್ಣು ಕೊಳ್ಳುತ್ತಾನೆ. ಕಾರಿನವರು ಊರನ್ನು ಗಾಜಿನೊಳಗಿಂದ ನೋಡಿ ನೇರ ರೆಸಾರ್ಟಿಗೆ ಹೋಗುತ್ತಾರೆ.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟು ತಪ್ಪಿತಷ್ಟೆ, ಇದೇ ಮಹಾಶಯರು ಏನೆಂದರು? "ಕೆಲಸವಿಲ್ಲದೆ ತಿರುಗುತ್ತಾರೆ, ಧರ್ಮಸ್ಥಳಕ್ಕೆ ಜಾತ್ರೆ ಹೊರಟಿದ್ದಾರೆ" ಎಂದರು. ನೂಲಿನ ಗಿರಣಿಯಲ್ಲಿ ವರ್ಷವಿಡೀ ನಿಂತು ದುಡಿದ ತಾಯಿ ಒಂದು ದಿನ ದೇವರನ್ನು ನೋಡಿ ಬಂದರೆ ಅದು ತಿರುಗಾಟ. ಇವರು ಐದು ರಾಜ್ಯ ಸುತ್ತಿ ಐದು ಗುಡ್ಡ ಎಣಿಸಿದರೆ ಅದು ಸಾಹಸ! ಈ ನ್ಯಾಯ ಯಾವ ಪುಸ್ತಕದಲ್ಲಿದೆ?

ಬಸ್ಸಿದ್ದರೂ ರಜೆ ಬೇಕಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿ ವರ್ಷಕ್ಕೆ 240 ದಿನ ದುಡಿದವನಿಗೆ ಮಾತ್ರ, 20 ದಿನಕ್ಕೆ ಒಂದರಂತೆ, ಸಂಬಳದ ರಜೆ ಇತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಂಹಿತೆ 240ನ್ನು 180ಕ್ಕೆ ಇಳಿಸಿತು. ಕಾಗದದ ಮೇಲೆ ಒಳ್ಳೆಯದೇ. ಗುತ್ತಿಗೆದಾರನು 180ನೆಯ ದಿನ ಬರುವ ಮುಂಚೆಯೇ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದರೆ ಕೇಳುವವರು ಯಾರು?

ಇನ್ನು ಆನೆಮುಡಿ. ಅದರ ಸುತ್ತಲಿನ ಇರವಿಕುಳಂ ಹಿಂದೆ ತೋಟದ ದೊರೆಗಳ ಬೇಟೆಯ ಕಾಡು. 1971ರ ಕಾಯಿದೆಯಿಂದ ಸರಕಾರ ಭೂಮಿಯನ್ನು ಮರಳಿ ಪಡೆಯಿತು, 1978ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಪ್ರವಾಸಿಗರನ್ನು ಅರಣ್ಯ ಇಲಾಖೆಯ ವಾಹನದಲ್ಲಿ ರಾಜಮಲೆಯವರೆಗೆ ಒಯ್ದು ವರೆಯಾಡುಗಳನ್ನು ತೋರಿಸುತ್ತಾರೆ. ಅದೇ ದಾರಿಯಲ್ಲಿ ಮುಂದೆ ಪೆಟ್ಟಿಮುಡಿ ಎಂಬ ಜಾಗವಿದೆ. ಅಲ್ಲಿ ಚಹಾ ತೋಟದ ಕೂಲಿಗಳ ಲೈನ್ ಮನೆಗಳಿದ್ದವು.

2020ರ ಆಗಸ್ಟ್ 6ರ ರಾತ್ರಿ ಬೆಟ್ಟ ಕುಸಿದು ಆ ಮನೆಗಳ ಮೇಲೆ ಬಿತ್ತು. 70 ಜನ ಹೋದರು. ನಾಲ್ವರ ಶವವೂ ಸಿಗಲಿಲ್ಲ. ಕರೆಂಟಿಲ್ಲ, ಫೋನಿಲ್ಲ, ಸುದ್ದಿ ಹೊರಗೆ ಬಂದದ್ದು ಮರುದಿನ ಬೆಳಿಗ್ಗೆ. ಆ ಮರುದಿನವೇ ಕೋಝಿಕ್ಕೋಡಿನಲ್ಲಿ ವಿಮಾನ ಅಪಘಾತವಾಯಿತು. ವಿಮಾನದಲ್ಲಿ ಸತ್ತವರ ಕುಟುಂಬಕ್ಕೆ ರಾಜ್ಯ ಸರಕಾರ ಸಾರಿದ್ದು 10 ಲಕ್ಷ ರೂಪಾಯಿ, ಮಣ್ಣಿನಡಿ ಸತ್ತ ಕೂಲಿಯವನ ಕುಟುಂಬಕ್ಕೆ 5 ಲಕ್ಷ. ಎರಡೂ ಕಡೆ ಹೋದದ್ದು ಮನುಷ್ಯರ ಜೀವವೇ. ಅಲ್ಲಿ ಆಳುತ್ತಿದ್ದುದು ಎಡಪಕ್ಷಗಳ ಸರಕಾರ, ಅದನ್ನೂ ನಾವು ಮುಚ್ಚಿಡುವುದಿಲ್ಲ.

ಅದೇ ಮುನ್ನಾರಿನ ಚಹಾ ಕೀಳುವ ಹೆಂಗಸರು 2015ರಲ್ಲಿ ಪುರುಷ ಮುಖಂಡರನ್ನು ಬದಿಗೆ ಸರಿಸಿ, ಪೆಂಬಿಳೈ ಒರುಮೈ ಎಂದು ತಾವೇ ಒಗ್ಗಟ್ಟು ಕಟ್ಟಿ ರಸ್ತೆಯಲ್ಲಿ ಕೂತಿದ್ದರು. ದಿನಗೂಲಿ 232 ರೂಪಾಯಿ ಇತ್ತು, 500 ಕೇಳಿದರು, 301 ಸಿಕ್ಕಿತು. 20 ಶೇಕಡಾ ಬೋನಸ್ಸನ್ನಂತೂ ಹಟ ಹಿಡಿದು ಗೆದ್ದರು. ಕೆಂಪಂಗಿಯ ನಮ್ಮಂಥವರಿಗೂ ಆ ತಾಯಂದಿರು ಪಾಠ ಕಲಿಸಿದರು.

ಪೆಟ್ಟಿಮುಡಿಯಲ್ಲಿ ಸಿಕ್ಕಿದ ಶವಗಳನ್ನು ರಾಜಮಲೆಯ ಮೈದಾನದಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಆನೆಮುಡಿಯ ಹೆಸರಿನ ಮುಂದೆ ಗೀಟು ಹಾಕುವವರು ಆ ನೆಲವನ್ನೂ ಕೇಳಿ ತಿಳಿದು ಬರಲಿ.

ಕೆಲಸಗಾರರಿಗಾಗಿ ಭಾನುವಾರ ಬೆಳಿಗ್ಗೆ ನಮ್ಮ ಊರಿನಿಂದ ಬೆಟ್ಟಕ್ಕೆ ಒಂದು ಸಾಮಾನ್ಯ ಬಸ್ಸು ಬಿಡಬೇಕು, ಗುತ್ತಿಗೆಯವರ ಹಾಜರಿ ಪುಸ್ತಕಗಳನ್ನು ಕಾರ್ಮಿಕ ಅಧಿಕಾರಿಗಳು ಖುದ್ದಾಗಿ ತಪಾಸಣೆ ಮಾಡಬೇಕು ಎಂದು ಮನವಿ ಬರೆದಿದ್ದೇವೆ. ಸಹಿ ಹಾಕುವವರು ಪಾಳಿ ಬಿಟ್ಟ ಮೇಲೆ ಪಕ್ಷದ ಕಚೇರಿಗೆ ಬರಲಿ. ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರುತ್ತದೆ.